ಕಳ್ಳರು ಕಿಟಕಿ ಕಿತ್ತ ಮನೆ ಹತ್ತು ದಿನ ಹಾಗೇ ಇರಬೇಕು, ಪ್ಲೈವುಡ್ ಬಡಿಸಲೋ ಪತ್ರಾ (ತಗಡು) ಬಡಿಸಲೋ?

ನೀವು ಬರೆದದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ನೀವಿರುವುದು ಬೆಂಗಳೂರಿನಲ್ಲಿ. ಕಲಬುರಗಿಯ ಶಹಾಬಜಾರದಲ್ಲಿ ತಂದೆಯವರ ಕಾಲದ ಕಲ್ಲಿನ ಮನೆ, ಸದ್ಯಕ್ಕೆ ಖಾಲಿ. ಕಳ್ಳರು ಮೊದಲು ಮುಂಬಾಗಿಲ ಕೊಂಡಿ ಮೀಟಿ ನೋಡಿದ್ದಾರೆ, ಅದು ಅರ್ಧ ಕಿತ್ತು ಬಂದಿದೆ. ಆಮೇಲೆ ಸಂದಿಯ ಕಡೆಯ ಕಿಟಕಿಯ ಸರಳು ಬಗ್ಗಿಸಿ, ಗಾಜು ಒಡೆದು ಒಳಗೆ ಇಳಿದಿದ್ದಾರೆ. ಬಡಿಗೇರರು ಹೊಸ ಚೌಕಟ್ಟಿಗೆ ಹತ್ತು ದಿನ ಕೇಳಿದ್ದಾರೆ. ಅಲ್ಲಿಯವರೆಗೆ ಏನು ಬಡಿಸಲಿ ಎನ್ನುವುದು ನಿಮ್ಮ ಪ್ರಶ್ನೆ.

ಏನು ಬಡಿಸುತ್ತೀರಿ ಎನ್ನುವುದಕ್ಕಿಂತ ಅದನ್ನು ಯಾವ ಕಡೆಯಿಂದ ಬಿಗಿಸುತ್ತೀರಿ ಎನ್ನುವುದು ಮುಖ್ಯ. ನಾನು ಇದನ್ನು ಕಲಿತದ್ದು ಒಂದೇ ವಾರದಲ್ಲಿ ಎರಡು ಸಲ ಕಳವು ಮಾಡಿಸಿಕೊಂಡು.

2022ರ ಮೇ ತಿಂಗಳು. ಹುಮನಾಬಾದಿನಲ್ಲಿ ಸೋದರತ್ತೆಯ ಮಗಳ ಮದುವೆ, ಎರಡು ರಾತ್ರಿ ಮನೆಗೆ ಕೀಲಿ. ಬ್ರಹ್ಮಪುರದ ನಮ್ಮ ಮನೆಯೂ ನಿಮ್ಮದರ ಹಾಗೇ ಶಹಾಬಾದ ಕಲ್ಲಿನ ಗೋಡೆ, ಮಾಳಿಗೆ, ಸರಳಿನ ಕಿಟಕಿ. ಬೆಳಿಗ್ಗೆ ಪಕ್ಕದ ಮನೆಯ ಕಾಕಾ ಫೋನ್ ಮಾಡಿದರು. ಬಂದು ನೋಡಿದರೆ ಕಿಟಕಿಯ ಎರಡು ಸರಳು ಬಿಲ್ಲಿನ ಹಾಗೆ ಬಾಗಿದ್ದವು, ಹಿತ್ತಾಳೆ ಕೊಡಗಳು ಇರಲಿಲ್ಲ. ನಾನು ಮೊದಲು ಮಾಡಿದ್ದು ಕಸ ಗುಡಿಸಿದ್ದು. ಎರಡನೆಯದು, ಅಟ್ಟದ ಮೇಲಿದ್ದ ಹಳೇ ದಿವಾನದ ತೆಳು ಪ್ಲೈ ಇಳಿಸಿ, ಹೊರಗೆ ಸಂದಿಯಲ್ಲಿ ನಿಂತು ಕಿಟಕಿಗೆ ಎರಡಿಂಚಿನ ಮೊಳೆ ಹೊಡೆದದ್ದು. ಇಪ್ಪತ್ತೆರಡು ಮೊಳೆ, ಎಣಿಸಿದ್ದೇನೆ. ಮಧ್ಯಾಹ್ನ ಬಂದ ಪೊಲೀಸರು ಒಂದು ಸುತ್ತು ನೋಡಿ, "ಎಲ್ಲಾ ಸಾಫ್ ಮಾಡಿಬಿಟ್ಟೀರಲ್ರಿ, ಇನ್ನ ಬೆರಳಚ್ಚಿನವರು ಬಂದು ಏನ್ ನೋಡ್ಬೇಕ್ರಿ?" ಎಂದರು. ತಪ್ಪು ನನ್ನದೇ.

ನಾಲ್ಕನೇ ರಾತ್ರಿ ನಾವೆಲ್ಲ ಮಾಳಿಗೆಯ ಮೇಲೆ ಮಲಗಿದ್ದೆವು. ಮೇ ತಿಂಗಳಲ್ಲಿ ಕಲಬುರಗಿಯವರು ಒಳಗೆ ಮಲಗಿದರೆ ತಾನೇ! ಅಕ್ಕಪಕ್ಕದ ಕೂಲರುಗಳ ಗರಗರ ಸದ್ದು. ಕೆಳಗೆ ಯಾರೋ ಅದೇ ಕಿಟಕಿಯ ಪ್ಲೈಯ ಒಂದು ಮೂಲೆಗೆ ರಾಡು ಸಿಕ್ಕಿಸಿ ಮೀಟಿ, ಉಳಿದದ್ದನ್ನು ಕೈಯಿಂದಲೇ ಕಿತ್ತು ಗೋಡೆಗೆ ಒರಗಿಸಿ, ಗ್ಯಾಸ್ ಸಿಲಿಂಡರನ್ನೂ ಅವ್ವನ ತಾಮ್ರದ ಹಂಡೆಯನ್ನೂ ಒಯ್ದರು. ಹಂಡೆ ಕಿಟಕಿಯಲ್ಲಿ ಹಿಡಿಸುವಂಥದ್ದಲ್ಲ, ಒಳಗಿಂದ ಹಿತ್ತಲ ಬಾಗಿಲ ಚಿಲಕ ತೆಗೆದು ಮರ್ಯಾದೆಯಿಂದ ಹೋಗಿದ್ದರು. ಮೊಳೆಗಳೆಲ್ಲ ಪ್ಲೈಯಲ್ಲೇ ಇದ್ದವು. ಒಂದೂ ಬಾಗಿರಲಿಲ್ಲ.

ಮರುದಿನ ಬಂದ ಬಡಗಿ ಚಾಚಾ ಆ ಪ್ಲೈ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ ಹೇಳಿದ್ದು ಒಂದೇ ಮಾತು: "ಬೇಟಾ, ಹೊರಗ ನಿಂತು ಬಡದಿದ್ದು ಹೊರಗ ನಿಂತೇ ಕೀಳ್ಲಾಕ ಬರ್ತದ."

ಅವರು ಮಾಡಿದ ಕೆಲಸವನ್ನು ಬಿಡಿಸಿ ಹೇಳುತ್ತೇನೆ, ನಿಮ್ಮ ಬಡಿಗೇರರಿಗೆ ಇದನ್ನೇ ಓದಿ ಹೇಳಿ. ಹೊರಗಡೆ ಚೌಕಟ್ಟಿಗೆ ತಾಗಿ ಕೂರುವಂತೆ 18 ಎಂಎಂ ಪ್ಲೈ ಹಲಗೆ. ಒಳಗಡೆ ಅಡ್ಡಲಾಗಿ ಎರಡು ರೀಪು (ಮರದ ಪಟ್ಟಿ), ನಾಲ್ಕಿಂಚು ಅಗಲ, ಎರಡಿಂಚು ದಪ್ಪ. ಒಂದು ಮೇಲ್ಭಾಗದಲ್ಲಿ, ಒಂದು ಕೆಳಭಾಗದಲ್ಲಿ. ರೀಪಿನ ಉದ್ದ ಕಿಟಕಿಯ ಬಾಯಿಗಿಂತ ಎರಡೂ ಕಡೆ ನಾಲ್ಕು ನಾಲ್ಕಿಂಚು ಹೆಚ್ಚು, ಅಂದರೆ ತುದಿಗಳು ಚೌಕಟ್ಟಿನ ಮೇಲೆ ಅಡ್ಡ ಕೂರಬೇಕು. ಹಲಗೆಯಿಂದ ಹಿಡಿದು ರೀಪಿನವರೆಗೆ ಆರಪಾರ ತೂತು ಕೊರೆದು, ಗುಂಡು ತಲೆಯ ಬೋಲ್ಟನ್ನು ಹೊರಗಿನಿಂದ ತೂರಿಸಿ, ಒಳಗೆ ದೊಡ್ಡ ವಾಷರ್ ಹಾಕಿ ನಟ್ಟು ಬಿಗಿ. ಒಂದು ರೀಪಿಗೆ ಎರಡು ಬೋಲ್ಟು, ಒಟ್ಟು ನಾಲ್ಕು. ಆ ಬೋಲ್ಟಿನ ತಲೆಯ ಕೆಳಗೆ ಚೌಕಾಕಾರದ ಕುತ್ತಿಗೆ ಇರುತ್ತದೆ, ಅದು ಮರದಲ್ಲಿ ಕಚ್ಚಿ ಕೂತಮೇಲೆ ತಿರುಗುವುದಿಲ್ಲ. ಹೊರಗೆ ನಿಂತವನಿಗೆ ಪಾನಾ (ಸ್ಪ್ಯಾನರ್) ಹಾಕಲು ಅಂಚೂ ಸಿಗುವುದಿಲ್ಲ, ಸ್ಕ್ರೂಡ್ರೈವರ್ ಇಡಲು ಗೀರೂ ಸಿಗುವುದಿಲ್ಲ, ನುಣ್ಣಗಿನ ನಾಲ್ಕು ಗುಂಡು ಮಾತ್ರ. ನಮ್ಮ ಕಿಟಕಿಗೆ 10 ಎಂಎಂ ದಪ್ಪ, ಎಂಟಿಂಚು ಉದ್ದದ ಬೋಲ್ಟು ಸರಿಹೋದವು. ಹಲಗೆ ಎಳೆದರೆ ಒಳಗಿನ ರೀಪು ಚೌಕಟ್ಟಿಗೆ ಒತ್ತುತ್ತದೆ, ಎಳೆದಷ್ಟೂ ಬಿಗಿ. ಮೊಳೆಯ ಹಣೆಬರಹ ಇದರ ಉಲ್ಟಾ. ಅಡ್ಡ ಭಾರ ತಡೆಯುತ್ತದೆ, ನೇರ ಎಳೆದರೆ ಬಂದ ದಾರಿಯಲ್ಲೇ ಹೊರಗೆ ಬರುತ್ತದೆ.

"ಗೋಡೆಗೇ ರಾವಲ್ ಪ್ಲಗ್ (ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ಬಿರಡೆ) ಹಾಕಿ ಸ್ಕ್ರೂ ಬಿಗಿದರೆ ಆಗದೇ?" ಎಂದು ಯಾರಾದರೂ ಹೇಳುತ್ತಾರೆ. ಸಿಮೆಂಟ್ ಕಾಂಕ್ರೀಟಿನ ಹೊಸ ಮನೆಗಳಿಗೆ ಅದು ನಡೆಯುತ್ತದೆ. ನಮ್ಮ ಹಳೇ ಗೋಡೆಗಳಲ್ಲಿ ಕಲ್ಲು ಗಟ್ಟಿ, ಸಂದಿನ ಮಣ್ಣು ಸಡಿಲ. ಶಹಾಬಾದ ಕಲ್ಲು ಪದರ ಪದರವಾದ ಸುಣ್ಣಕಲ್ಲು, ಅಂಚಿನ ಹತ್ತಿರ ಡ್ರಿಲ್ ಇಟ್ಟರೆ ಚಕ್ಕೆ ಏಳುತ್ತದೆ. ಸಂದಿಗೆ ಇಟ್ಟರೆ ಪ್ಲಗ್ಗು ಬೆರಳಲ್ಲಿ ಹಿಡಿದು ತೆಗೆಯುವಷ್ಟು ಸಡಿಲ. ಹಾಗಾಗಿ ಗೋಡೆಯ ತಂಟೆಗೆ ಹೋಗಬೇಡಿ, ಚೌಕಟ್ಟನ್ನೇ ನಡುವೆ ಹಿಡಿದು ಅಪ್ಪಿಸಿ. ಚೌಕಟ್ಟೇ ಅಲುಗಾಡುತ್ತಿದ್ದರೆ ರೀಪನ್ನು ಇನ್ನೂ ಉದ್ದ ಮಾಡಿ ಒಳಗೋಡೆಯ ಮೇಲೆ ಕೂರಿಸಬೇಕು. ಆಗ ಎಂಟಿಂಚಿನ ಬೋಲ್ಟು ಸಾಲದು, ಉದ್ದಕ್ಕೂ ನಟ್ಟು ಏರುವ ಸುರುಳಿ ಗೀರು ಇರುವ ಥ್ರೆಡ್ ರಾಡು ತಂದು ಬೇಕಾದಷ್ಟು ಕತ್ತರಿಸಿಕೊಳ್ಳಬೇಕು. ಅದಕ್ಕೆ ಹೊರಗಡೆಯೂ ನಟ್ಟು ಬರುತ್ತದೆ, ಆ ನಟ್ಟನ್ನು ರಾಡಿಗೆ ವೆಲ್ಡ್ ಮಾಡಿಸಿಯೇ ತನ್ನಿ.

ಪ್ಲೈ ವಿಷಯ. ಮಾಮೂಲಿ ಕಮರ್ಷಿಯಲ್ ಪ್ಲೈ ಬೇಸಿಗೆಯಲ್ಲಿ ಹತ್ತು ದಿನಕ್ಕೆ ಧಾರಾಳ ಸಾಕು, ಮಳೆಗಾಲದಲ್ಲಿ ಅಂಚು ಉಬ್ಬಿ ಪದರ ಬಿಡುತ್ತದೆ. ಐಎಸ್ 710 ಮುದ್ರೆಯ ಮರೈನ್ ಪ್ಲೈ ನೀರಿಗೆ ತಡೆಯುತ್ತದೆ, ಆದರೆ ಹತ್ತು ದಿನದ ಕೆಲಸಕ್ಕೆ ಅಷ್ಟು ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಸ್ಲ್ಯಾಬು ಹಾಕುವವರ ಹತ್ತಿರ ಸೆಂಟ್ರಿಂಗ್ ಪ್ಲೈ ಬಾಡಿಗೆಗೆ ಸಿಗುತ್ತದೆ, ಗಟ್ಟಿ, ನೀರಿಗೂ ಜಗ್ಗುವುದಿಲ್ಲ. ತೂತು ಕೊರೆಯುತ್ತೇವೆ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ವಾಪಸ್ ಕೊಡುವಾಗ ಜಗಳ. ಪತ್ರಾ ಒಂದನ್ನೇ ಬಡಿಸುವುದಂತೂ ಬೇಡ. ತೆಳು ತಗಡು ಕತ್ತರಿಗೂ ಬಗ್ಗುತ್ತದೆ, ಗಾಳಿಗೆ ರಾತ್ರಿಯಿಡೀ ಬಡಿದುಕೊಳ್ಳುತ್ತದೆ, ಅಂಚು ಕೈ ಸೀಳುತ್ತದೆ. ಮಳೆ ಇದ್ದರೆ ಪ್ಲೈಯ ಮೇಲೊಂದು ಹೊದಿಕೆಯಾಗಿ ಹಾಕಬಹುದು. ತಾಡಪತ್ರಿ ಮಳೆಗೇ ಹೊರತು ಕಳ್ಳನಿಗಲ್ಲ.

ಚಾಚಾ ಕೊನೆಗೆ ಒಂದು ಕೆಲಸ ಮಾಡಿದರು, ಆಗ ನನಗೆ ಅದು ಅತಿ ಅನ್ನಿಸಿತ್ತು. ಮನೆಯಲ್ಲಿ ಉಳಿದಿದ್ದ ಹಸಿರು ಬಣ್ಣ ಕೇಳಿ ಹಲಗೆಗೆ ಒಂದು ಕೈ ಹೊಡೆದರು. ದೂರದಿಂದ ನೋಡಿದರೆ ಮುಚ್ಚಿದ ಕಿಟಕಿಯ ಕದದ ಹಾಗೇ ಕಂಡಿತು. ಹೊಸ ಪ್ಲೈಯ ಬಿಳಿಚು ಬಣ್ಣ ಸಂದಿಯಲ್ಲಿ ಹಾದುಹೋಗುವವರಿಗೆಲ್ಲ "ಇಲ್ಲಿ ಮುರಿದಿದೆ, ಒಳಗೆ ಯಾರೂ ಇಲ್ಲ" ಎಂದು ಕೂಗಿ ಹೇಳುತ್ತಿರುತ್ತದೆ. ಒಮ್ಮೆ ನುಗ್ಗಿದ ಮನೆಗೆ ಅದೇ ಕಳ್ಳರು ಬೇಗನೆ ತಿರುಗಿ ಬರುವುದು ಅಪರೂಪವೇನಲ್ಲ, ದಾರಿ ಗೊತ್ತಿರುತ್ತದೆ, ಏನು ಬಿಟ್ಟು ಬಂದೆವು ಎನ್ನುವುದೂ ಗೊತ್ತಿರುತ್ತದೆ. ಅದಕ್ಕೇ ಮೊದಲ ವಾರವೇ ನಾಜೂಕು.

ಇನ್ನು ಮುಂಬಾಗಿಲು. ಸಾಮಾನ್ಯವಾಗಿ ಕೊಂಡಿಯನ್ನು ಹೊರಗಿನಿಂದ ಮುಕ್ಕಾಲಿಂಚಿನ ನಾಲ್ಕು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಕೀಲಿ ಎಷ್ಟೇ ದುಬಾರಿಯದಿರಲಿ, ರಾಡು ಹಾಕಿದವನು ಕೀಲಿ ಮುಟ್ಟುವುದಿಲ್ಲ, ಕೊಂಡಿ ಕೀಳುತ್ತಾನೆ. ಹತ್ತು ದಿನದ ಮಟ್ಟಿಗೆ ನೀವು ಮುಂಬಾಗಿಲನ್ನು ಒಳಗಿನಿಂದಲೇ ಅಡ್ಡಪಟ್ಟಿ ಹಾಕಿ ಮುಚ್ಚಿ, ಓಡಾಟ ಹಿತ್ತಲ ಬಾಗಿಲಿಂದ ಇಟ್ಟುಕೊಳ್ಳಿ. ಹಿತ್ತಲ ಬಾಗಿಲಿಗೆ ಕೊಂಡಿಯನ್ನು ಸ್ಕ್ರೂ ಬದಲು ಆರಪಾರ ಬೋಲ್ಟಿನಿಂದ ಬಿಗಿಸಿ, ಒಳಗಿನ ತುದಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿಸಿ.

ಅಡ್ಡಪಟ್ಟಿ ಎಂದಾಗ ನೆನಪಾಯಿತು, ನಿಮ್ಮ ಮುಂಬಾಗಿಲ ಅಕ್ಕಪಕ್ಕದ ಗೋಡೆಯನ್ನು ಒಳಗಿನಿಂದ ತಡವಿ ನೋಡಿಸಿ. ಹಳೇ ಮನೆಗಳಲ್ಲಿ ಅಗುಳಿ, ಅಂದರೆ ಬಾಗಿಲಿಗೆ ಅಡ್ಡ ಹಾಕುವ ಮರದ ತೊಲೆ, ಸರಿಸುವ ಚೌಕ ಬಿಲ ಇರುತ್ತದೆ. ನಮ್ಮ ಮನೆಯಲ್ಲೂ ಇತ್ತು, ನಲವತ್ತು ವರ್ಷ ಅದೇ ಮನೆಯಲ್ಲಿದ್ದರೂ ನಾನು ಅದನ್ನು ಗೂಡು ಎಂದೇ ತಿಳಿದಿದ್ದೆ. ಅವ್ವ ಅದರಲ್ಲಿ ಕರೆಂಟ್ ಬಿಲ್ಲು ತುರುಕುತ್ತಿದ್ದಳು. ಚಾಚಾ ಬಿಲ್ಲು, ಹಳೇ ಬ್ರಷ್ಷು, ಎರಡು ಖಾಲಿ ಜಂಡುಬಾಮ್ ಡಬ್ಬಿ ಎಲ್ಲ ತೆಗೆದು ಕೈ ಒಳಗೆ ಹಾಕಿದರೆ ಮೊಣಕೈವರೆಗೂ ಹೋಯಿತು. ಎದುರುಗಡೆ ಗೋಡೆಯಲ್ಲಿ ಅದಕ್ಕೆ ಸರಿಯಾಗಿ ಗೇಣುದ್ದದ ಇನ್ನೊಂದು ಬಿಲ, ಸುಣ್ಣ ಬಳಿದು ಬಳಿದು ಮುಚ್ಚಿಹೋಗಿತ್ತು. ಕಟ್ಟಿಗೆ ಅಡ್ಡೆಯಿಂದ ಒಂದು ಜಾಲಿ ತೊಲೆ ತಂದು ಕೆತ್ತಿ ಸರಿಸಿದರು. ಈಗಲೂ ರಾತ್ರಿ ನಾವು ಅದನ್ನೇ ಹಾಕುತ್ತೇವೆ.

ಮಾಳಿಗೆಯ ಬೆಳಕಿಂಡಿ ಮರೆಯಬೇಡಿ. ಕೆಳಗೆ ಗಟ್ಟಿಯಾದರೆ ಮೇಲಿಂದ ಬರುತ್ತಾರೆ. ಬೆಳಕಿಂಡಿಯ ಮೇಲೆ ಪರಸಿ (ಚಪ್ಪಡಿ ಕಲ್ಲು) ಹೇರಿ ಸುಮ್ಮನಾಗುವವರಿದ್ದಾರೆ. ಎರಡಡಿ ಚದರದ, ಒಂದಿಂಚು ದಪ್ಪದ ಪರಸಿ ಸುಮಾರು 25 ಕೆಜಿ, ಒಬ್ಬನೇ ಎತ್ತಿಡಬಹುದು. ಒಳಗಿನಿಂದ ಒಂದು ಸರಳಿನ ಜಾಳಿಗೆ ಬೇಕೇ ಬೇಕು.

ಪೊಲೀಸ್ ಠಾಣೆಗೆ ಹೋಗಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಹೋಗಿರದಿದ್ದರೆ ಹಲಗೆಗಿಂತ ಮೊದಲು ಅದು. 112ಕ್ಕೆ ಕರೆ ಮಾಡಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಯಾವ ಠಾಣೆಯ ಸರಹದ್ದಿನಲ್ಲೇ ನಡೆದಿರಲಿ, ಮಾಹಿತಿಯನ್ನು ಬೇರೆ ಠಾಣೆಯಲ್ಲೂ ಕೊಡಬಹುದು, ಎಲೆಕ್ಟ್ರಾನಿಕ್ ಮಾರ್ಗದಲ್ಲೂ ಕಳಿಸಬಹುದು. ಹಾಗೆ ಕಳಿಸಿದರೆ ಮೂರು ದಿನದೊಳಗೆ ಸಹಿ ಹಾಕಬೇಕು. ದಾಖಲಾದ ಮಾಹಿತಿಯ ಒಂದು ಪ್ರತಿಯನ್ನು ದೂರು ಕೊಟ್ಟವರಿಗೆ ಪೊಲೀಸರು ಉಚಿತವಾಗಿ ಕೊಡಬೇಕು, ಕೇಳಿ ಇಸಿದುಕೊಳ್ಳಿ. ಆದರೂ ಪಂಚನಾಮೆಗೆ ಮನೆ ಗೊತ್ತಿರುವ ಒಬ್ಬರು ಕಲಬುರಗಿಯಲ್ಲಿ ನಿಲ್ಲಲೇಬೇಕಾಗುತ್ತದೆ. ಪಂಚನಾಮೆ ಆಗುವ ಮುಂಚೆ ಕತ್ತಲಾದರೆ ಚೌಕಟ್ಟು ಮುಟ್ಟದೆ ತಾಡಪತ್ರಿ ಇಳಿಬಿಟ್ಟು, ಒಬ್ಬರನ್ನು ಬಾಗಿಲಲ್ಲಿ ಮಲಗಿಸಿ. ಮುಗಿದಮೇಲೆ "ಇನ್ನ ಮುಚ್ಚಬಹುದೇನ್ರಿ ಸಾಹೇಬ್ರ?" ಎಂದು ಬಾಯಿಬಿಟ್ಟು ಕೇಳಿ. ಬಾಗಿದ ಸರಳು, ಕಿತ್ತ ಕೊಂಡಿ ಗುಜರಿಗೆ ಹಾಕಬೇಡಿ.

ವಿಮೆ ಇದ್ದರೆ ಕಾಗದ ತೆಗೆದು ಓದಿ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ಮಾರುತ್ತಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಇದ್ದವರು ಕಳವಿಗೂ ಅದು ಸಾಕು ಎಂದುಕೊಂಡಿರುತ್ತಾರೆ. ಬೆಂಕಿ, ನೆರೆ ಮುಂತಾದ ಅವಘಡ ಆಗಿ, ಅದರಿಂದಾಗಿ ಏಳು ದಿನದೊಳಗೆ ಕಳವಾದರೆ ಮಾತ್ರ ಅದರಲ್ಲಿ ಬರುತ್ತದೆ. ಬರೀ ಕನ್ನಗಳವಿಗೆ ಬೇರೆಯೇ ರಕ್ಷಣೆ ಕೊಂಡಿರಬೇಕು. ಕೊಂಡಿದ್ದರೆ ಮುಚ್ಚುವ ಮುಂಚಿನ ಫೋಟೊ, ಪ್ಲೈ-ಬೋಲ್ಟಿನ ರಸೀದಿ ಇಟ್ಟುಕೊಳ್ಳಿ.

ಗಾಜಿನ ಬಗ್ಗೆ ನೀವು ಕೇಳಿಲ್ಲ, ಆದರೂ. ಕಿಟಕಿಯ ಮಾಮೂಲಿ ಗಾಜು ಸೂಜಿಯಂಥ ಚೂರಾಗಿ ಪರಸಿಯ ಸಂದಿಯಲ್ಲಿ ಕೂರುತ್ತದೆ, ಕಸಬರಿಗೆಗೆ ಬರುವುದಿಲ್ಲ. ಅವ್ವ ಗೋಧಿ ಹಿಟ್ಟಿನ ಕಣಕ ಮಾಡಿ, ಉಂಡೆಯನ್ನು ಸಂದಿಯುದ್ದಕ್ಕೂ ಮೆಲ್ಲಗೆ ಒತ್ತುತ್ತಾ ಹೋದಳು, ಉಂಡೆಯ ಮೈಯೆಲ್ಲ ಮಿಣಮಿಣ. ಜೋಳದ ಹಿಟ್ಟು ಇದಕ್ಕೆ ಬಾರದು, ಬಿರಿಯುತ್ತದೆ. ಆ ಉಂಡೆಯನ್ನು ದನ ಮೂಸದ ಹಾಗೆ ಕಾಗದದಲ್ಲಿ ಸುತ್ತಿ ಎಸೆಯಬೇಕು.

ಒಳಗೆ ಯಾರಾದರೂ ಮಲಗುವುದಾದರೆ ಎಲ್ಲ ಕಿಟಕಿ ಮುಚ್ಚಿಸಬೇಡಿ. ಹಿತ್ತಲ ಬಾಗಿಲ ಕೀಲಿಕೈ ಅವರ ಕೈಗೆ ಕತ್ತಲಲ್ಲೂ ಸಿಗುವ ಹಾಗಿರಲಿ.

ಅಳತೆಯನ್ನು ಫೋನಿನಲ್ಲಿ ಹೇಳಿಸಿಕೊಂಡು ಪ್ಲೈ ಕತ್ತರಿಸಲು ಹೇಳುವಿರಾದರೆ, ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಸಿ, ಎತ್ತರವನ್ನೂ ಹಾಗೆಯೇ. ಈ ಮನೆಗಳಲ್ಲಿ ಯಾವ ಮೂಲೆಯೂ ಕಾಟಕೋನವಿಲ್ಲ (ನೇರ ಮೂಲೆಮಟ್ಟವಿಲ್ಲ). ನಮ್ಮ ಕಿಟಕಿಯ ಬಾಯಿ ಮೇಲಿಗಿಂತ ಕೆಳಗೆ ಮುಕ್ಕಾಲಿಂಚು ಅಗಲವಿತ್ತು, ಚಾಚಾ ಹಲಗೆಯನ್ನು ಎರಡು ಸಲ ಹೆರೆಯಬೇಕಾಯಿತು.