ಎರಡನೇ ಗಡಿ ರೂಟರ್ ಬಂದ ಮೇಲೆ ಶುರುವಾದ ಗಿರಕಿ

ಪ್ರಶ್ನೆ: ನಮ್ಮ ನೆಟ್‌ವರ್ಕ್‌ನಲ್ಲಿ ದಾರಿ ಹುಡುಕಲು ಎರಡು ಪ್ರೋಟೊಕಾಲ್ ಇವೆ: ಒಂದು ಕಡೆ ಒಎಸ್‌ಪಿಎಫ್, ಇನ್ನೊಂದು ಕಡೆ ಐಎಸ್-ಐಎಸ್. ನಡುವೆ ಒಂದೇ ಸಿಸ್ಕೊ ರೂಟರ್ ಎರಡೂ ಕಡೆಗೆ ರೀಡಿಸ್ಟ್ರಿಬ್ಯೂಟ್ ಮಾಡುತ್ತಿತ್ತು, ಅಂದರೆ ಒಂದರ ರೂಟ್‌ಗಳನ್ನು ಇನ್ನೊಂದಕ್ಕೆ ಹೇಳುತ್ತಿತ್ತು. ಅದು ಕೈಕೊಟ್ಟರೆ ಅಂತ ಇನ್ನೊಂದು ಹಾಕಿದೆವು. ಈಗ ಐಎಸ್-ಐಎಸ್ ಕಡೆಯ 10.20.0.0/16 ವಿಳಾಸಗಳಿಗೆ ಟ್ರೇಸ್‌ರೂಟ್ (ಪ್ಯಾಕೆಟ್ ಹೋಗುವ ದಾರಿ ತೋರಿಸುವ ಕಮಾಂಡ್) ಕೊಟ್ಟರೆ ಅದೇ ಮೂರು ವಿಳಾಸ ತಿರುಗಿ ತಿರುಗಿ ಬರುತ್ತಿವೆ. ಇವೆರಡೂ ಲಿಂಕ್-ಸ್ಟೇಟ್ ಪ್ರೋಟೊಕಾಲ್, ಅವುಗಳಲ್ಲಿ ಲೂಪ್ ಆಗಲ್ಲ ಅಲ್ವಾ?

ಉತ್ತರ: ಆಗಲ್ಲ, ಆದರೆ ಒಂದೇ ಪ್ರೋಟೊಕಾಲ್‌ನ ಬೇಲಿಯೊಳಗೆ. ಅಲ್ಲಿ ಎಲ್ಲ ರೂಟರ್‌ಗಳ ಕೈಯಲ್ಲೂ ಒಂದೇ ನಕ್ಷೆ ಇರುತ್ತದೆ. ರೀಡಿಸ್ಟ್ರಿಬ್ಯೂಷನ್‌ನಲ್ಲಿ ನಕ್ಷೆ ಬೇಲಿ ದಾಟುವುದಿಲ್ಲ. ‘ಆ ಊರಿಗೆ ನನ್ನ ಮೂಲಕ ಬನ್ನಿ’ ಎಂಬ ಬಾಯಿಮಾತಷ್ಟೇ ದಾಟುತ್ತದೆ.

ಹಳೆಯ ಗಡಿ ರೂಟರ್ ‘ಎ’, ಹೊಸದು ‘ಬಿ’, ಐಎಸ್-ಐಎಸ್ ಒಳಗೆ ಇವೆರಡಕ್ಕೂ ಅಂಟಿಕೊಂಡಿರುವುದು ‘ಸಿ’ ಅಂದುಕೊಳ್ಳಿ. ಎ 10.20.0.0/16ರ ರೂಟನ್ನು ಒಎಸ್‌ಪಿಎಫ್‌ಗೆ ಹಾಕುತ್ತದೆ. ಬಿಗೆ ಅದೇ ಸುದ್ದಿ ಎರಡು ಕಡೆಯಿಂದ ಸಿಗುತ್ತದೆ: ಐಎಸ್-ಐಎಸ್‌ನಿಂದ ಡಿಸ್ಟೆನ್ಸ್ 115, ಒಎಸ್‌ಪಿಎಫ್‌ನಿಂದ 110. ಡಿಸ್ಟೆನ್ಸ್ ಅಂದರೆ ಯಾವ ಪ್ರೋಟೊಕಾಲ್‌ನ ಮಾತು ನಂಬಬೇಕು ಎಂಬುದರ ಅಂಕಿ; ಕಡಿಮೆ ಇದ್ದದ್ದು ಗೆಲ್ಲುತ್ತದೆ. ಮನೆಯ ಪಕ್ಕದ ಊರಿಗೆ ಬಿ ಸುತ್ತಿ ಬಳಸಿ ಎ ಕಡೆಗೆ ಕೈ ತೋರಿಸುತ್ತದೆ. ಅಷ್ಟಕ್ಕೇ ನಿಂತಿದ್ದರೆ ಬರೀ ದೂರದ ದಾರಿ ಆಗುತ್ತಿತ್ತು. ಆದರೆ ಬಿ ಅದನ್ನು ತನ್ನದೇ ಎಂಬಂತೆ ಐಎಸ್-ಐಎಸ್‌ಗೆ ವಾಪಸ್ ಸುರಿಯುತ್ತದೆ, ಅದೂ ಡೀಫಾಲ್ಟ್ ಮೆಟ್ರಿಕ್ (ದಾರಿಯ ವೆಚ್ಚ) 0 ಇಟ್ಟು! ಸಿಗೆ ನಿಜವಾದ ದಾರಿ 30, ಬಿ ಮೂಲಕ 10 (ಬಿವರೆಗಿನ ಲಿಂಕ್‌ನದಷ್ಟೇ). ಪಾಪ, ಅದು ಬಿಗೆ ಕಳಿಸುತ್ತದೆ. ಬಿ ಎಗೆ, ಎ ಸಿಗೆ. ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ರೂಟರ್ ದಾಟಬಹುದು ಎಂಬ ಎಣಿಕೆ) ಮುಗಿಯುವವರೆಗೂ ಗಿರಕಿ.

ಬಿ ಮೇಲೆ ‘ಶೋ ಐಪಿ ರೂಟ್ 10.20.0.0’ ಕೊಡಿ. ಒಎಸ್‌ಪಿಎಫ್, ಡಿಸ್ಟೆನ್ಸ್ 110, ಮೆಟ್ರಿಕ್ 20 ಅಂತ ಕಂಡರೆ ಕಳ್ಳ ಸಿಕ್ಕ ಹಾಗೆ.

ಮದ್ದು ಟ್ಯಾಗ್, ಅಂದರೆ ರೂಟ್‌ಗೆ ಅಂಟಿಸುವ ಗುರುತಿನ ಸಂಖ್ಯೆ. ಐಎಸ್-ಐಎಸ್‌ನಿಂದ ಒಎಸ್‌ಪಿಎಫ್‌ಗೆ ಹಾಕುವಾಗ ರೂಟ್‌ಮ್ಯಾಪ್‌ನಲ್ಲಿ (ರೂಟ್‌ಗಳನ್ನು ಸೋಸುವ, ಬದಲಿಸುವ ನಿಯಮಗಳ ಪಟ್ಟಿ) ಟ್ಯಾಗ್ 115 ಅಂಟಿಸಿ. ವಾಪಸ್ ಹಾಕುವಾಗ 115 ಇದ್ದದ್ದನ್ನು ತಡೆಯಿರಿ. ಎದುರು ದಿಕ್ಕಿಗೆ ಟ್ಯಾಗ್ 110. ಎ, ಬಿ ಎರಡರಲ್ಲೂ ಇದನ್ನೇ ಮಾಡಬೇಕು. ಒಂದರಲ್ಲಿ ಮಾತ್ರ ಮಾಡಿ ಬಿಟ್ಟವರನ್ನು ಜಾಸ್ತಿ ನೋಡಿದ್ದೇನೆ. ಐಎಸ್-ಐಎಸ್‌ನಲ್ಲಿ ಟ್ಯಾಗ್ ಹೋಗಬೇಕಾದರೆ ವೈಡ್ ಮೆಟ್ರಿಕ್ (ಮೆಟ್ರಿಕ್ ಬರೆಯುವ ಹೊಸ, ದೊಡ್ಡ ನಮೂನೆ) ಇರಬೇಕು, ಮರೆಯಬೇಡಿ.

ಟ್ಯಾಗ್ ಗಿರಕಿ ನಿಲ್ಲಿಸುತ್ತದೆ, ಸುತ್ತು ದಾರಿಯನ್ನು ಅಲ್ಲ. ಬಿ ಇನ್ನೂ 110ಕ್ಕೇ ಮರುಳಾಗಿರುತ್ತದೆ. ಅದಕ್ಕೆ ಎರಡೂ ಗಡಿಯಲ್ಲಿ ‘ಡಿಸ್ಟೆನ್ಸ್ ಒಎಸ್‌ಪಿಎಫ್ ಎಕ್ಸ್‌ಟರ್ನಲ್ 120’ ಕೊಡಿ; ಆಗ ಹೊರಗಿನಿಂದ ಒಎಸ್‌ಪಿಎಫ್‌ಗೆ ಬಂದ ರೂಟ್‌ಗಳು (ಎಕ್ಸ್‌ಟರ್ನಲ್) 115ರ ಮುಂದೆ ಸೋಲುತ್ತವೆ. ಒಎಸ್‌ಪಿಎಫ್‌ಗೆ ಬೇರೆ ಕಡೆಯಿಂದಲೂ ಎಕ್ಸ್‌ಟರ್ನಲ್ ರೂಟ್ ಬರುತ್ತಿದ್ದರೆ ಇದನ್ನು ಸುಮ್ನೆ ಹಾಕಬೇಡಿ, ಅವು ಉಲ್ಟಾ ಹೊಡೆಯುತ್ತವೆ. ಆಗ ಆಚೆ ಗಡಿಯ ರೂಟರ್-ಐಡಿ ಮತ್ತು ಎಸಿಎಲ್ (ಆಯ್ದ ವಿಳಾಸಗಳ ಪಟ್ಟಿ) ಕೊಟ್ಟು ಬೇಕಾದ ರೂಟ್‌ಗಳಿಗಷ್ಟೇ ಡಿಸ್ಟೆನ್ಸ್ ಏರಿಸಿ.

ಎಲ್ಲ ಆದ ಮೇಲೆ ರಾತ್ರಿ ಹೊತ್ತು ಎ, ಬಿ ಎರಡನ್ನೂ ಒಂದಾದ ಮೇಲೊಂದು ರೀಬೂಟ್ ಮಾಡಿ ಟ್ರೇಸ್‌ರೂಟ್ ನೋಡಿ. ಈ ಕಾಯಿಲೆಯಲ್ಲಿ ಮೊದಲು ಬಾಯಿ ತೆರೆದ ರೂಟರ್ ಯಾವುದು ಅನ್ನುವುದರ ಮೇಲೆ ಫಲ ಬದಲಾಗುತ್ತದೆ.