ಗೇಮ್ ಆಫ್ ಲೈಫ್‌ನಲ್ಲಿ ಗಣಿತದ ದೃಷ್ಟಿಯಿಂದ ಮುಖ್ಯವಾದ ಆಕೃತಿಗಳು ಯಾವುವು? ಪ್ರಾಜೆಕ್ಟ್‌ಗೆ ಒಂದು ಪಟ್ಟಿ ಬೇಕು

ಅಯ್ಯೋ, ಪಟ್ಟಿ! ಗೊತ್ತಿಲ್ಲದವರಿಗೆ: ಗೇಮ್ ಆಫ್ ಲೈಫ್ ಅಂದರೆ ಚೌಕುಳಿ ಗ್ರಿಡ್ ಮೇಲಿನ ಆಟ, ಪ್ರತಿ ಮನೆ ಜೀವಂತ ಇಲ್ಲವೇ ಸತ್ತದ್ದು, ಅಕ್ಕಪಕ್ಕದ ಮನೆಗಳನ್ನು ನೋಡಿ ಪ್ರತಿ ಹೆಜ್ಜೆಗೆ, ಅಂದರೆ ತಲೆಮಾರಿಗೆ, ಎಲ್ಲವೂ ಬದಲಾಗುತ್ತವೆ. ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ನನ್ನ ಹತ್ತಿರವೂ ಒಂದಿತ್ತು. ಬ್ಲಾಕ್, ಬ್ಲಿಂಕರ್, ಟೋಡ್, ಪಲ್ಸಾರ್ ಅಂತ ಎರಡು ಪುಟ ಆಕೃತಿಗಳ ಹೆಸರು. ಗೈಡ್ ಅದನ್ನು ನೋಡಿ ‘ಇದರಲ್ಲಿ ನೀನು ಮಾಡಿದ್ದೇನು?’ ಅಂದರು. ಸರಿ, ಒಂದನ್ನು ಹಿಡಿದು ಸಂಶೋಧನೆ ಮಾಡೋಣ ಅಂತ ಆರ್-ಪೆಂಟೊಮಿನೊ ಆರಿಸಿಕೊಂಡೆ.

ಬರೀ ಐದು ಜೀವಂತ ಮನೆಗಳು. ಆದರೆ 1103 ತಲೆಮಾರು ಗಲಾಟೆ ಮಾಡಿ, ಕೊನೆಗೆ 116 ಮನೆಗಳಾಗಿ ತಣ್ಣಗಾಗುತ್ತದೆ. ಅಷ್ಟರಲ್ಲಿ ಆರು ಗ್ಲೈಡರ್‌ಗಳು, ಅಂದರೆ ತಾವಾಗಿ ಸರಿಯುತ್ತಾ ಹೋಗುವ ಪುಟ್ಟ ಆಕೃತಿಗಳು, ತಪ್ಪಿಸಿಕೊಂಡು ದೂರ ಓಡಿರುತ್ತವೆ.

ನನ್ನ ಕಂಪ್ಯೂಟರಿನಲ್ಲಿ 1103 ಬರಲೇ ಇಲ್ಲ.

ಕಾರಣ ಒಂದೇ ಸಾಲಿನ ಕೋಡ್. ನನ್ನ ಗ್ರಿಡ್ 64 × 64. ಅಂಚಿಗೆ ಬಂದಾಗ ಪ್ರೋಗ್ರಾಂ ಕ್ರ್ಯಾಶ್ ಆಗುತ್ತಿತ್ತು, ಅದಕ್ಕೆ ಸುಮ್ನೆ 64ರಿಂದ ಭಾಗಿಸಿ ಶೇಷ ತಗೊಂಡುಬಿಟ್ಟೆ. ಆಗ ಬಲಗಡೆಯಿಂದ ಹೊರಗೆ ಹೋದದ್ದು ಎಡಗಡೆಯಿಂದ ಒಳಗೆ ಬರುತ್ತದೆ, ಮೇಲೆ ಹೋದದ್ದು ಕೆಳಗಿನಿಂದ, ಹಳೇ ಫೋನಿನ ಹಾವಿನ ಆಟದ ಥರ. ನಾನು ಬಯಲು ಅಂದುಕೊಂಡದ್ದು ನಿಜವಾಗಿ ಉದ್ದಿನ ವಡೆಯ ಮೈ. ಗ್ಲೈಡರ್ ನಾಲ್ಕು ತಲೆಮಾರಿಗೆ ಒಂದು ಮನೆ ಓರೆಯಾಗಿ ಸರಿಯುತ್ತದೆ, ಅಂದರೆ 256 ತಲೆಮಾರಿಗೆ ವಡೆಗೆ ಒಂದು ಸುತ್ತು. ಮೊದಲ ಗ್ಲೈಡರ್ ಕಳಚಿಕೊಳ್ಳುವುದು 69ನೇ ತಲೆಮಾರಿನಲ್ಲಿ. ಎಲ್ಲಿಗೋ ಹೋಗಿಯೇ ಬಿಟ್ಟಿತು ಅಂದುಕೊಂಡ ಅದು ಹಿಂದಿನಿಂದ ಬಂದು ತನ್ನ ತವರಿಗೇ ಗುದ್ದುತ್ತಿತ್ತು, ಅಲ್ಲಿ ಹೊಸ ಗಲಾಟೆ ಶುರು.

ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ? ನಾನು ಏನು ಮಾಡಿದೆ ಗೊತ್ತಾ, 32, 48, 64, 80 ಅಂತ ಗ್ರಿಡ್ ಅಳತೆ ಬದಲಾಯಿಸುತ್ತಾ, ಎಷ್ಟನೇ ತಲೆಮಾರಿಗೆ ತಣ್ಣಗಾಗುತ್ತದೆ ಅಂತ ಬರೆದುಕೊಂಡು, ಗ್ರಾಫ್ ಎಳೆದು, ಅದಕ್ಕೊಂದು ‘ನಿಯಮ’ ಅಂತ ಹೆಸರಿಟ್ಟೆ. ನಾಲ್ಕು ತಿಂಗಳು ನನ್ನದೇ ತಪ್ಪಿನ ಅಳತೆ ತೆಗೆದಿದ್ದೆ. ಹೊರಗಿನಿಂದ ಬಂದ ಎಕ್ಸಾಮಿನರ್ ಕೊನೇ ಸ್ಲೈಡ್ ನೋಡಿ ಒಂದೇ ಪ್ರಶ್ನೆ ಕೇಳಿದರು: ‘ಆರು ಗ್ಲೈಡರ್ ಎಲ್ಲಪ್ಪಾ?’ ಮಾರ್ಕ್ಸ್ ವಿಷಯ ಬಿಡಿ.

ಆಮೇಲೆ ಅರ್ಥವಾದದ್ದು ಇನ್ನೂ ದೊಡ್ಡದು. 64 × 64 ವಡೆಯ ಮೇಲೆ ಒಟ್ಟು ಇರಬಹುದಾದ ಸ್ಥಿತಿಗಳು 2ರ ಘಾತ 4096, ಅಂದರೆ 1234 ಅಂಕಿಗಳ ಒಂದು ಸಂಖ್ಯೆ. ದೈತ್ಯ ಸಂಖ್ಯೆಯೇ, ಆದರೂ ಅದಕ್ಕೊಂದು ಕೊನೆ ಇದೆ. ಹಾಗಾಗಿ ಏನೇ ಇಟ್ಟರೂ ಒಂದಲ್ಲ ಒಂದು ದಿನ ಹಿಂದಿನದೇ ಮರುಕಳಿಸಲೇಬೇಕು. ಯಾವುದೂ ಕೊನೆಯಿಲ್ಲದೆ ಬೆಳೆಯಲಾರದು. ಆದರೆ ಈ ಆಟ ಕಟ್ಟಿದ ಗಣಿತಜ್ಞ ಜಾನ್ ಕಾನ್ವೇ 1970ರಲ್ಲಿ 50 ಡಾಲರ್ ಬಹುಮಾನ ಇಟ್ಟದ್ದು ಇದೇ ಪ್ರಶ್ನೆಗೆ: ಕೊನೆಯಿಲ್ಲದೆ ಬೆಳೆಯುವ ಆಕೃತಿ ಇದೆಯೇ? ಇಲ್ಲ ಅಂತ ಅವರ ಊಹೆ. ಅದೇ ವರ್ಷ ಎಂಐಟಿಯ ಬಿಲ್ ಗಾಸ್ಪರ್ ತಂಡ 30 ತಲೆಮಾರಿಗೊಂದು ಗ್ಲೈಡರ್ ಉಗುಳುವ ಗನ್ ತೋರಿಸಿ ಬಹುಮಾನ ಹೊಡೆಯಿತು. ಗ್ಲೈಡರ್ ಬಂದರೆ 1, ಬರದಿದ್ದರೆ 0 ಅಂತ ಇಟ್ಟುಕೊಂಡು, ಎರಡು ಸಾಲು ಡಿಕ್ಕಿ ಹೊಡೆಸಿ ಲಾಜಿಕ್ ಗೇಟ್ (0, 1ರ ಮೇಲೆ ಲೆಕ್ಕ ಮಾಡುವ ಬಿಡಿಭಾಗ) ಕಟ್ಟಬಹುದು, ಗೇಟ್‌ಗಳಿಂದ ಇಡೀ ಕಂಪ್ಯೂಟರ್. ಯಾವ ಪ್ರೋಗ್ರಾಂ ಎಂದಾದರೂ ನಿಲ್ಲುತ್ತದೆ ಅಂತ ಮೊದಲೇ ಹೇಳುವ, ಎಲ್ಲದಕ್ಕೂ ಸಲ್ಲುವ ವಿಧಾನ ಇಲ್ಲವಲ್ಲ, ಹಾಗಾಗಿ ‘ಈ ಆಕೃತಿ ಎಂದಾದರೂ ಸಾಯುತ್ತದಾ?’ ಅನ್ನೋದಕ್ಕೆ ಎಲ್ಲಾ ಆಕೃತಿಗೂ ಸಲ್ಲುವ ವಿಧಾನವೇ ಇರಲಾರದು ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ವಡೆಯ ಮೇಲೆ ಆ ಗನ್ ಇಟ್ಟು ನೋಡಿ. ಅದರ ಗುಂಡು ಅದರ ಬೆನ್ನಿಗೇ.

ಆದ್ದರಿಂದ ‘ಮುಖ್ಯ ಆಕೃತಿಗಳು’ ಅನ್ನುವ ಪ್ರಶ್ನೆಯೇ ನನಗೆ ಹಿಡಿಸುವುದಿಲ್ಲ. ಗನ್ ಮುಖ್ಯವಾದದ್ದು ಅದರ 36 ಮನೆಗಳಿಂದಲ್ಲ, ಅದರ ಮುಂದೆ ಖಾಲಿ ಜಾಗ ಮುಗಿಯದೇ ಇರುವುದರಿಂದ. ಪಲ್ಸಾರ್ ಚೆಂದ ಇದೆ, ರಂಗೋಲಿ ಥರ, ಪೋಸ್ಟರ್‌ಗೆ ಹಾಕಿಕೊಳ್ಳಿ. ಪಟ್ಟಿ ಮಾತ್ರ ಹರಿದು ಬಿಸಾಕಿ.

ಗ್ರಿಡ್ ಅರೇ ಕೂಡ ಬೇಡ. ಜೀವಂತ ಮನೆಗಳ ನಿರ್ದೇಶಾಂಕಗಳನ್ನಷ್ಟೇ ಒಂದು ಸೆಟ್‌ನಲ್ಲಿ ಇಟ್ಟುಕೊಳ್ಳಿ, ಅಂಚು ಅನ್ನೋದೇ ಇರುವುದಿಲ್ಲ. ಮೊದಲು ಆರ್-ಪೆಂಟೊಮಿನೊ ಓಡಿಸಿ. 1103, 116, ಆರು ಗ್ಲೈಡರ್, ಮೂರೂ ಬಂದರೆ ಇಲ್ಲೇ ಕೆಳಗೆ ಹೇಳಿ, ಮುಂದೇನು ಅಂತ ನೋಡೋಣ.