ಪ್ರತಿಕ್ರಿಯೆ: ಸರ್ಜಾಪುರ ರಸ್ತೆಯ 1,600 ಚದರಡಿ ಫ್ಲಾಟ್, ಮೇಂಟೆನೆನ್ಸ್ 3 ರೂಪಾಯಿಯದ್ದೋ 5 ರೂಪಾಯಿಯದ್ದೋ?

ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ 1,600 ಚದರಡಿಯ ಎರಡು ಮರುಮಾರಾಟದ ಫ್ಲಾಟ್ ನೋಡಿದ್ದೀರಿ, ತಿಂಗಳ ಮೇಂಟೆನೆನ್ಸ್ ಒಂದು ಕಡೆ ಚದರಡಿಗೆ 3 ರೂಪಾಯಿ, ಇನ್ನೊಂದು ಕಡೆ 5, ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ಚದರಡಿಗೆ 3 ರೂಪಾಯಿ ಅಂತ ಹೇಳಿರುವ ಕಡೆ ಬಹುಶಃ ಇನ್ನೂ ಬಿಲ್ಡರನೇ ನಿರ್ವಹಣೆ ನೋಡಿಕೊಳ್ಳುತ್ತಿದ್ದಾನೆ, ಇಲ್ಲವೇ ನೀರಿನ ಬಿಲ್ ಬೇರೆ ಇದೆ. ಫ್ಲಾಟ್ ಮಾಲೀಕರ ಅಸೋಸಿಯೇಷನ್‌ಗೆ ಹಸ್ತಾಂತರವಾದ ಮೇಲೆ ಆ ದರ ಏರುವುದೇ ಹೆಚ್ಚು.

ಮೊದಲು ಎರಡೂ ಕಡೆ ಕಳೆದ ಎರಡು ವರ್ಷದ ಆಡಿಟ್ ಆದ ಲೆಕ್ಕ ಕೇಳಿ. ಅದರಲ್ಲಿ ಮಾರ್ಚ್‌ನಿಂದ ಮೇವರೆಗಿನ ಟ್ಯಾಂಕರ್ ಖರ್ಚು ನೋಡಿ. ಕಾವೇರಿ ಸಂಪರ್ಕ ಇಲ್ಲದೆ ಬೋರ್‌ವೆಲ್ ನಂಬಿರುವ ಕಡೆ ಬಜೆಟ್ ಹಳಿ ತಪ್ಪುವುದು ಅಲ್ಲೇ. ಆಮೇಲೆ ಕಾರ್ಪಸ್ ಫಂಡ್ (ದೊಡ್ಡ ರಿಪೇರಿಗಳಿಗೆಂದು ಮಾಲೀಕರಿಂದ ಮೊದಲೇ ಸಂಗ್ರಹಿಸಿಟ್ಟ ಹಣ) ಅಸೋಸಿಯೇಷನ್ ಖಾತೆಗೆ ಬಂದಿದೆಯೇ ಕೇಳಿ. ಬಂದಿಲ್ಲದಿದ್ದರೆ ನಾಳೆ ಲಿಫ್ಟ್, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ರಿಪೇರಿಗೆ ನಿಮ್ಮ ಜೇಬಿಗೇ ಕೈ ಹಾಕುತ್ತಾರೆ.

5 ರೂಪಾಯಿಯ ಕಡೆ ತಿಂಗಳಿಗೆ 8,000 ಆಗುತ್ತೆ. 7,500 ದಾಟಿ, ಅಸೋಸಿಯೇಷನ್‌ನ ವಾರ್ಷಿಕ ವಹಿವಾಟೂ 20 ಲಕ್ಷ ಮೀರಿದ್ದರೆ 18% ಜಿಎಸ್‌ಟಿ ಬೀಳುತ್ತೆ. ಪೂರ್ತಿ ಮೊತ್ತಕ್ಕೋ ಹೆಚ್ಚುವರಿಗಷ್ಟೆಯೋ ಎಂಬ ವಿಚಾರದಲ್ಲಿ ತಕರಾರಿದೆ. ಅವರು ಹೇಗೆ ಹಾಕುತ್ತಾರೆಂದು ಬಿಲ್‌ನಲ್ಲೇ ನೋಡಿ. ಪೂರ್ತಿಗೆ ಹಾಕಿದರೆ 1,440 ಸೇರಿ 9,440; 3 ರೂಪಾಯಿಯ ಕಡೆಯ 4,800ಕ್ಕೂ ಇದಕ್ಕೂ ತಿಂಗಳಿಗೆ ವ್ಯತ್ಯಾಸ 4,640. ಅದು 8.5% ಬಡ್ಡಿಯ 20 ವರ್ಷದ ಸಾಲದಲ್ಲಿ ಸುಮಾರು 5.3 ಲಕ್ಷದ ತಿಂಗಳ ಕಂತಿಗೆ ಸಮ. ಇದನ್ನಿಟ್ಟುಕೊಂಡೇ ಬೆಲೆ ಮಾತಾಡಿ.

ಮರುಮಾರಾಟದ ಫ್ಲಾಟ್ ಆದ್ದರಿಂದ, ಬಾಕಿ ಇಲ್ಲವೆಂಬ ಅಸೋಸಿಯೇಷನ್ ಪತ್ರ ಕೈಗೆ ಬರದೆ ನೋಂದಣಿಗೆ ಹೋಗಬೇಡಿ.